ವೇಗದ ಸಮತೂಕ: ಜಪಾನೀ ಮೋಟಾರುಸೈಕಲ್ಲುಗಳ ರಚನೆ ಮತ್ತು ಸಾಮರ್ಥ್ಯ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ಹೆದ್ದಾರಿಯ ಉದ್ದ ಸುಮಾರು ೩೫೦ ಕಿಲೋಮೀಟರು. ಮೊದಲು ಐದನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಾಗಿದ್ದು, ೨೦೧೦ರಲ್ಲಿ ಹೆದ್ದಾರಿಗಳ ಸಂಖ್ಯೆಗಳು ಬದಲಾದ ಬಳಿಕ ಹದಿನಾರನೆಯದೆನಿಸಿಕೊಂಡ ಈ ದಾರಿ ಅನಕಾಪಲ್ಲಿ, ತುನಿ, ರಾಜಮಹೇಂದ್ರವರಂ, ತಾಡೇಪಲ್ಲಿಗೂಡೆಂ, ಏಲೂರುಗಳನ್ನು ಮುಟ್ಟಿಯೋ ಬಳಸಿಯೋ ಕೃಷ್ಣಾತೀರವನ್ನು ಸೇರುತ್ತದೆ. ಹೊರಟವರ ಎಡಕ್ಕೆ ಕಡಲ ಕಡೆಯ ಬಯಲು, ಬಲಕ್ಕೆ ಪೂರ್ವಘಟ್ಟಗಳ ಸಾಲು, ನಡುವೆ ಗೋದಾವರಿಯ ಕಾಲುವೆಗಳು ತಣಿಸಿದ ಭತ್ತದ ನಾಡು. ಲಾರಿ, ಟ್ರ್ಯಾಕ್ಟರು, ಬಸ್ಸುಗಳ ಈ ಸಂದಣಿಯ ನಡುವೆ ಒಮ್ಮೊಮ್ಮೆ ಒಂದು ತೀಕ್ಷ್ಣವಾದ ಧ್ವನಿ ಹಿಂದಿನಿಂದ ಕೇಳಿಬಂದು, ನೋಡುವವರು ತಲೆ ತಿರುಗಿಸುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತದೆ. ಹಾಗೆ ಹೋದದ್ದು ಬಹುಶಃ ಜಪಾನಿನ ನಾಲ್ಕು ಹೆಸರಾಂತ ಸಂಸ್ಥೆಗಳಾದ ಹೋಂಡಾ, ಯಮಾಹಾ, ಸುಝುಕಿ, ಕವಾಸಾಕಿಗಳಲ್ಲಿ ಒಂದರ ಮೋಟಾರುಸೈಕಲ್ಲು.

ಈ ಯಂತ್ರಗಳ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇವು ಎಂಜಿನ್ನಿನ ಪವಾಡ ಎಂಬುದು ತರುಣರ ಮಾತು. ಇವು ಸಾವಿನ ಸಾಧನಗಳು ಎಂಬುದು ತಂದೆತಾಯಿಗಳ ಮಾತು. ಎರಡರಲ್ಲಿಯೂ ಸತ್ಯಾಂಶವುಂಟು, ಆದರೆ ಎರಡೂ ಯಂತ್ರದ ಸ್ವರೂಪವನ್ನು ಪೂರ್ಣವಾಗಿ ಗ್ರಹಿಸಿದವಲ್ಲ. ಜಪಾನೀ ವೇಗಯಂತ್ರದ ಹಿರಿಮೆ ಅದರ ಎಂಜಿನ್ನಿನಲ್ಲಿ ಮಾತ್ರ ಇಲ್ಲ. ಎಂಜಿನ್ನು, ಚೌಕಟ್ಟು, ಗಾಲಿ, ಬ್ರೇಕು, ಗಾಳಿಯನ್ನು ಸೀಳುವ ಮೈಕಟ್ಟು ಇವೆಲ್ಲವನ್ನೂ ಒಂದೇ ತೂಕಕ್ಕೆ ತಂದಿರುವುದರಲ್ಲಿದೆ. ಈ ಸಮತೂಕದಲ್ಲಿ ಒಂದು ಅಂಗ ಕುಂದಿದರೂ ಉಳಿದವುಗಳ ಗುಣವೇ ದೋಷವಾಗಿ ಪರಿಣಮಿಸುತ್ತದೆ. ರಸ್ತೆಯೂ ಸವಾರನೂ ಆ ಅಂಗಗಳಲ್ಲಿ ಸೇರಿದವರೆಂಬುದು ಹಲವು ವೇಳೆ ಮರೆತುಹೋಗುವ ಸಂಗತಿ.

೧. ಮೈಸೂರು, ಹೊಸೂರು, ನರಸಾಪುರ

ಕನ್ನಡಿಗರಿಗೆ ಮೋಟಾರುಸೈಕಲ್ಲಿನ ತಯಾರಿಕೆ ಹೊಸ ವಿಷಯವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಜಾವಾ ಯಂತ್ರವನ್ನು ೧೯೬೦ರ ದಶಕದ ಆರಂಭದಿಂದ ತಯಾರಿಸಿ, ಮುಂದೆ ಯೆಜ್ಡಿ ಎಂಬ ಹೆಸರಿನಿಂದ ಮಾರಿ, ೧೯೯೬ರಲ್ಲಿ ಮುಚ್ಚಿತು. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಗಡಿಯ ಊರಾದ ಹೊಸೂರಿನಲ್ಲಿ ಟಿ. ವಿ. ಎಸ್. ಸಂಸ್ಥೆ ಸುಝುಕಿಯ ಸಹಯೋಗದಿಂದ ೧೯೮೪ರಲ್ಲಿ ಇಂಡ್-ಸುಝುಕಿ ಎಂಬ ನೂರು ಸಿ. ಸಿ. ಯಂತ್ರವನ್ನು ಹೊರತಂದಿತು, ಆ ಸಹಯೋಗ ೨೦೦೧ರಲ್ಲಿ ಕೊನೆಗೊಂಡಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಸಂಸ್ಥೆ ತನ್ನ ಭಾರತದ ಮೂರನೆಯ ದ್ವಿಚಕ್ರವಾಹನ ಕಾರ್ಖಾನೆಯನ್ನು ೨೦೧೩ರಲ್ಲಿ ತೆರೆಯಿತು.

ಜಪಾನೀ ವಿಧಾನವೆಂದರೇನು ಎಂಬುದನ್ನು ತಿಳಿಯಲು ಮೈಸೂರಿನ ಯಂತ್ರವನ್ನೇ ಅಳತೆಗೋಲಾಗಿ ಹಿಡಿಯಬಹುದು. ಜಾವಾ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ, ಅಂದರೆ ಬೋರು, ೬೫ ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವ ದೂರ, ಅಂದರೆ ಸ್ಟ್ರೋಕು, ೭೫ ಮಿಲಿಮೀಟರು. ಗಾತ್ರ ಸುಮಾರು ೨೫೦ ಸಿ. ಸಿ. ಅದರ ಶಕ್ತಿ ಹೆಚ್ಚುಕಡಿಮೆ ೧೨ ಅಶ್ವಶಕ್ತಿ. ಎಸ್ಕಾರ್ಟ್ಸ್ ಸಂಸ್ಥೆ ೧೯೮೫ರಿಂದ ಭಾರತದಲ್ಲಿ ತಯಾರಿಸಿದ ಯಮಾಹಾ ಆರ್. ಎಕ್ಸ್. ೧೦೦ ಎಂಬ ಯಂತ್ರದ ಬೋರು ೫೦, ಸ್ಟ್ರೋಕು ೫೦ ಮಿಲಿಮೀಟರು. ಗಾತ್ರ ಕೇವಲ ೯೮ ಸಿ. ಸಿ. ಆದರೂ ಅದರ ಶಕ್ತಿ ೧೧ ಅಶ್ವಶಕ್ತಿ. ಎರಡೂ ಎರಡು ಸ್ಟ್ರೋಕಿನ ಎಂಜಿನ್ನುಗಳೇ. ಗಾತ್ರದಲ್ಲಿ ಐದರಲ್ಲಿ ಎರಡು ಪಾಲಿರುವ ಯಂತ್ರ ಶಕ್ತಿಯಲ್ಲಿ ಹಿರಿಯದರ ಸಮಕ್ಕೆ ಬಂದುದು ಹೇಗೆ?

ಒಂದು ಸಣ್ಣ ಲೆಕ್ಕ ಇದರ ಗುಟ್ಟನ್ನು ತೋರಿಸುತ್ತದೆ. ಮೈಸೂರಿನ ಎಂಜಿನ್ನು ನಿಮಿಷಕ್ಕೆ ೫೦೦೦ ಸುತ್ತು ತಿರುಗುವಾಗ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಹನ್ನೆರಡೂವರೆ ಮೀಟರು. ಆರ್. ಎಕ್ಸ್. ೧೦೦ ತನ್ನ ಪೂರ್ಣ ಶಕ್ತಿಯನ್ನು ಕೊಡುವ ೭೫೦೦ ಸುತ್ತಿನಲ್ಲಿಯೂ ಅದರ ಪಿಸ್ಟನ್ನಿನ ಸರಾಸರಿ ವೇಗ ಅದೇ ಹನ್ನೆರಡೂವರೆ ಮೀಟರು. ಪಿಸ್ಟನ್ನು ಅದೇ ವೇಗದಿಂದ ಚಲಿಸುತ್ತಿದೆ. ಆದರೆ ಅದು ಕ್ರಮಿಸುವ ದಾರಿ ಚಿಕ್ಕದಾದುದರಿಂದ ಅಷ್ಟೇ ಸಮಯದಲ್ಲಿ ಒಂದೂವರೆ ಪಟ್ಟು ಹೆಚ್ಚು ಸಲ ಹೋಗಿಬರುತ್ತಿದೆ. ಲಾಭದ ಮೊದಲ ಭಾಗ ಇದು. ಉಳಿದ ಭಾಗ ಪ್ರತಿ ಸುತ್ತಿನಲ್ಲಿಯೂ ಸಿಲಿಂಡರನ್ನು ಹೆಚ್ಚು ಪೂರ್ಣವಾಗಿ ತುಂಬಿಸುವ ಉಪಾಯಗಳಿಂದ ಬಂದುದು.

೨. ಹಮಮಾತ್ಸುವಿನಿಂದ ಮ್ಯಾನ್ ದ್ವೀಪಕ್ಕೆ

ಈ ವಿಧಾನ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಇದನ್ನು ರೂಪಿಸಿದವರು ಮೋಟಾರು ಪರಂಪರೆಯಲ್ಲಿ ಹುಟ್ಟಿ ಬೆಳೆದವರೂ ಅಲ್ಲ. ಸುಝುಕಿ ಸಂಸ್ಥೆ ೧೯೦೯ರಲ್ಲಿ ಹಮಮಾತ್ಸು ಪ್ರಾಂತದಲ್ಲಿ ಮಗ್ಗಗಳ ಕಾರ್ಖಾನೆಯಾಗಿ ಆರಂಭವಾಯಿತು. ಯಮಾಹಾ ಮನೆತನದ ಮೂಲವೃತ್ತಿ ಆರ್ಗನ್ ವಾದ್ಯಗಳ ತಯಾರಿಕೆ. ಅದರ ಮೋಟಾರು ಸಂಸ್ಥೆ ಬೇರೆಯಾದುದು ೧೯೫೫ರಲ್ಲಿ. ಕವಾಸಾಕಿ ಹಡಗು, ವಿಮಾನಗಳನ್ನು ಕಟ್ಟುತ್ತಿದ್ದ ಸಂಸ್ಥೆ. ಸೋಇಚಿರೋ ಹೋಂಡಾ ತನ್ನ ಹೆಸರಿನ ಕಂಪನಿಯನ್ನು ಸ್ಥಾಪಿಸಿದುದು ೧೯೪೮ರಲ್ಲಿ, ಯುದ್ಧದಿಂದ ನುಗ್ಗಾದ ದೇಶದಲ್ಲಿ. ಅವರ ಮೊದಮೊದಲ ಯಂತ್ರಗಳಲ್ಲಿ ಅನುಕರಣೆ ಸಾಕಷ್ಟಿತ್ತು. ಯಮಾಹಾದ ಪ್ರಥಮ ಮೋಟಾರುಸೈಕಲ್ಲು ಜರ್ಮನಿಯ ಡಿ. ಕೆ. ಡಬ್ಲ್ಯು. ಯಂತ್ರದ ಜಾಡನ್ನೇ ಹಿಡಿದುದಾಗಿತ್ತು.

ಅನುಕರಣೆಯಿಂದ ಸ್ವಂತ ವಿದ್ಯೆಗೆ ದಾಟುವ ಸೇತುವೆಯಾಗಿ ಇವರು ಆರಿಸಿಕೊಂಡುದು ಪಂದ್ಯದ ಕಣವನ್ನು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಮ್ಯಾನ್ ದ್ವೀಪದ ಟಿ. ಟಿ. ಪಂದ್ಯದಲ್ಲಿ ಭಾಗವಹಿಸುವುದಾಗಿ ಹೋಂಡಾ ೧೯೫೪ರಲ್ಲಿಯೇ ಸಾರಿದ. ೧೯೫೯ರಲ್ಲಿ ಅವನ ತಂಡ ೧೨೫ ಸಿ. ಸಿ. ವಿಭಾಗದಲ್ಲಿ ಇಳಿದಾಗ ನವೋಮಿ ತನಿಗುಚಿ ಆರನೆಯ ಸ್ಥಾನ ಪಡೆದ. ತಂಡಕ್ಕೆ ತಂಡದ ಬಹುಮಾನ ದೊರೆಯಿತು. ಎರಡೇ ವರ್ಷಗಳಲ್ಲಿ, ೧೯೬೧ರಲ್ಲಿ, ಹೋಂಡಾ ಯಂತ್ರಗಳ ಮೇಲೆ ಮೈಕ್ ಹೇಲ್‌ವುಡ್ ೧೨೫ ಮತ್ತು ೨೫೦ ಸಿ. ಸಿ. ಎರಡು ಪಂದ್ಯಗಳನ್ನೂ ಗೆದ್ದ.

ಎರಡು ಸ್ಟ್ರೋಕಿನ ವಿದ್ಯೆಯ ಕಥೆ ಇನ್ನೂ ಕುತೂಹಲಕರವಾದುದು. ಪೂರ್ವ ಜರ್ಮನಿಯ ಎಂ. ಝಡ್. ಸಂಸ್ಥೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು ಹೊಗೆಕೊಳವೆಯ ಆಕಾರದಿಂದಲೇ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ವಿಧಾನವನ್ನು ಪರಿಪೂರ್ಣಗೊಳಿಸಿದ್ದ. ಆ ಸಂಸ್ಥೆಯ ಸವಾರ ಅರ್ನ್ಸ್ಟ್ ಡೇಗ್ನರ್ ೧೯೬೧ರಲ್ಲಿ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ತನ್ನ ದೇಶವನ್ನು ತೊರೆದು ಸುಝುಕಿಯನ್ನು ಸೇರಿದ. ಮರುವರ್ಷವೇ ಸುಝುಕಿಯ ೫೦ ಸಿ. ಸಿ. ಯಂತ್ರದ ಮೇಲೆ ವಿಶ್ವವಿಜೇತನಾದ. ಜರ್ಮನಿಯ ಪ್ರಯೋಗಶಾಲೆಯ ವಿದ್ಯೆ ಹೀಗೆ ಜಪಾನನ್ನು ಸೇರಿತು. ಇಪ್ಪತ್ತು ವರ್ಷಗಳ ಮೇಲೆ ಅದೇ ವಿದ್ಯೆಯ ಸಂತತಿ ಹೊಸೂರಿನಂತಹ ಊರುಗಳಲ್ಲಿಯೂ ತಯಾರಾಗತೊಡಗಿತು.

೩. ಎಂಜಿನ್ನು: ಉಸಿರಾಟದ ಪ್ರಶ್ನೆ

ಎಂಜಿನ್ನಿನ ಶಕ್ತಿ ಅದು ಸುಡುವ ಪೆಟ್ರೋಲಿನಿಂದ ಬರುತ್ತದೆಂಬುದು ಸರ್ವವಿದಿತ. ಆದರೆ ಪೆಟ್ರೋಲನ್ನು ಸುಡಲು ಅದರ ಸುಮಾರು ಹದಿನೈದು ಪಟ್ಟು ತೂಕದ ಗಾಳಿ ಬೇಕು. ಪೆಟ್ರೋಲನ್ನು ಒದಗಿಸುವುದು ಸುಲಭ. ಗಾಳಿಯನ್ನು ಒದಗಿಸುವುದೇ ಕಷ್ಟ. ಆದುದರಿಂದ ಎಂಜಿನ್ನಿನ ಶಕ್ತಿಯೆಂಬುದು ಬಹುಮಟ್ಟಿಗೆ ಅದರ ಉಸಿರಾಟದ ಪ್ರಶ್ನೆ: ನಿಮಿಷವೊಂದಕ್ಕೆ ಎಷ್ಟು ಗಾಳಿಯನ್ನು ಒಳಗೆಳೆದುಕೊಂಡು ಹೊರಬಿಡಬಲ್ಲದು? ಉತ್ತರಗಳು ಎರಡು. ಸಿಲಿಂಡರನ್ನು ದೊಡ್ಡದು ಮಾಡಬಹುದು, ಅಥವಾ ಸುತ್ತುಗಳನ್ನು ಹೆಚ್ಚಿಸಬಹುದು. ಜಪಾನಿನವರು ಹಿಡಿದುದು ಎರಡನೆಯ ದಾರಿ.

ಆ ದಾರಿಯಲ್ಲಿ ಒಂದು ಅಡ್ಡಿಯುಂಟು. ಪಿಸ್ಟನ್ನು ಮೇಲಿನ ತುದಿಯಲ್ಲಿ ಕ್ಷಣಕಾಲ ನಿಂತು, ವೇಗ ಪಡೆದು, ಕೆಳತುದಿಯಲ್ಲಿ ಮತ್ತೆ ನಿಲ್ಲಬೇಕು. ಈ ಎಳೆದಾಟದ ಬಲ ಸ್ಟ್ರೋಕಿನ ಉದ್ದಕ್ಕೆ ಅನುಗುಣವಾಗಿಯೂ, ಸುತ್ತುಗಳ ವರ್ಗಕ್ಕೆ ಅನುಗುಣವಾಗಿಯೂ ಬೆಳೆಯುತ್ತದೆ. ಮೇಲೆ ಹೇಳಿದ ಆರ್. ಎಕ್ಸ್. ೧೦೦ರಲ್ಲಿ ೭೫೦೦ ಸುತ್ತಿನಲ್ಲಿ ಪಿಸ್ಟನ್ನಿನ ವೇಗೋತ್ಕರ್ಷ ಗುರುತ್ವದ ಒಂದೂವರೆ ಸಾವಿರ ಪಟ್ಟಿಗೂ ಮಿಗಿಲು. ಅಂದರೆ ಆ ಗಳಿಗೆಯಲ್ಲಿ ಪಿಸ್ಟನ್ನು ತನ್ನ ತೂಕದ ಒಂದೂವರೆ ಸಾವಿರ ಪಟ್ಟು ಬಲದಿಂದ ಕಡ್ಡಿಯನ್ನು ಎಳೆಯುತ್ತದೆ. ಸುತ್ತುಗಳನ್ನು ಇಮ್ಮಡಿಸಿದರೆ ಈ ಬಲ ನಾಲ್ಮಡಿಯಾಗುತ್ತದೆ. ಇದಕ್ಕೆ ಪರಿಹಾರ ಸ್ಟ್ರೋಕನ್ನು ಮೊಟಕುಗೊಳಿಸುವುದು, ಪಿಸ್ಟನ್ನನ್ನು ಹಗುರಗೊಳಿಸುವುದು, ಒಂದು ದೊಡ್ಡ ಸಿಲಿಂಡರಿನ ಕೆಲಸವನ್ನು ಹಲವು ಸಣ್ಣ ಸಿಲಿಂಡರುಗಳಿಗೆ ಹಂಚುವುದು.

ಈ ತರ್ಕವನ್ನು ಹೋಂಡಾ ಅದರ ಕೊನೆಯವರೆಗೂ ಒಯ್ದ. ೧೯೬೬ರಲ್ಲಿ ಲುಯಿಜಿ ತವೇರಿಗೆ ವಿಶ್ವಪದವಿ ತಂದುಕೊಟ್ಟ ಹೋಂಡಾದ ೧೨೫ ಸಿ. ಸಿ. ಪಂದ್ಯಯಂತ್ರಕ್ಕೆ ಐದು ಸಿಲಿಂಡರುಗಳು. ಒಂದೊಂದರ ಗಾತ್ರ ೨೫ ಸಿ. ಸಿ., ಎಂದರೆ ಔಷಧದ ಸಣ್ಣ ಚಮಚದಲ್ಲಿ ಐದು ಸಲ ಅಳೆದಷ್ಟು. ಅದು ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತ ಸುಮಾರು ೩೪ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಅಂತಹ ವೇಗದಲ್ಲಿ ವಾಲ್ವುಗಳು ಸಕಾಲಕ್ಕೆ ಮುಚ್ಚಿಕೊಳ್ಳುವುದೇ ಸಮಸ್ಯೆ. ಭಾರವಾದ ವಾಲ್ವು ಸ್ಪ್ರಿಂಗಿನ ಹತೋಟಿಯನ್ನು ಮೀರಿ ತೇಲಾಡತೊಡಗುತ್ತದೆ. ಆದುದರಿಂದ ಸಿಲಿಂಡರೊಂದಕ್ಕೆ ಎರಡು ದೊಡ್ಡ ವಾಲ್ವುಗಳ ಬದಲು ನಾಲ್ಕು ಸಣ್ಣ, ಹಗುರವಾದ ವಾಲ್ವುಗಳು ಬಂದುವು. ಗಾಳಿಗೆ ದೊರೆಯುವ ಬಾಗಿಲು ಒಟ್ಟಿನಲ್ಲಿ ವಿಸ್ತಾರವಾಯಿತು. ಪ್ರತಿಯೊಂದು ಕದವೂ ಹಗುರವಾಯಿತು.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸಮಸ್ಯೆ ಬೇರೆ. ಅಲ್ಲಿ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಏಕಕಾಲದಲ್ಲಿ ತೆರೆದಿರುವುದರಿಂದ ಹೊಸ ಮಿಶ್ರಣದ ಒಂದು ಪಾಲು ಹೊಗೆಯೊಡನೆಯೇ ಪೋಲಾಗುತ್ತದೆ. ನಡುವೆ ಉಬ್ಬಿ ತುದಿಯಲ್ಲಿ ಕಿರಿದಾಗುವ ಹೊಗೆಕೊಳವೆಯನ್ನು ಕಟ್ಟಿದರೆ, ಹೊರಟ ಒತ್ತಡದ ಅಲೆ ಆ ಕಿರಿದಾದ ಭಾಗಕ್ಕೆ ಬಡಿದು ಮರಳಿ, ಓಡಿಹೋಗುತ್ತಿದ್ದ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಕಾಡೆನ್ನನ ವಿದ್ಯೆಯ ಸಾರ ಇದೇ. ಆದರೆ ಅಲೆ ಮರಳುವ ಕಾಲ ನಿಯತವಾದುದು. ಎಂಜಿನ್ನಿನ ಸುತ್ತು ಅದಕ್ಕೆ ಹೊಂದಿದಾಗ ಮಾತ್ರ ಪ್ರಯೋಜನ. ಹಳೆಯ ಯಮಾಹಾಗಳು ಮೊದಲು ಮಂದವಾಗಿದ್ದು, ಒಂದು ಸುತ್ತನ್ನು ದಾಟುತ್ತಲೇ ಸವಾರನ ಕೈಯಿಂದ ಕಿತ್ತುಕೊಂಡು ಹೋಗುವಂತೆ ಎಗರುತ್ತಿದ್ದುದಕ್ಕೆ ಕಾರಣ ಇದು.

ಪಂದ್ಯದ ಕಣದಲ್ಲಿ ಕಲಿತುದನ್ನು ಸಾಮಾನ್ಯ ಸವಾರನ ಕೈಗೆ ಕೊಟ್ಟ ಯಂತ್ರ ೧೯೬೯ರ ಹೋಂಡಾ ಸಿ. ಬಿ. ೭೫೦. ಅಡ್ಡಲಾಗಿ ಸಾಲಿಟ್ಟ ನಾಲ್ಕು ಸಿಲಿಂಡರು, ೭೩೬ ಸಿ. ಸಿ., ೬೭ ಅಶ್ವಶಕ್ತಿ, ಗಂಟೆಗೆ ಸುಮಾರು ೨೦೦ ಕಿಲೋಮೀಟರು ವೇಗ. ಜೊತೆಗೆ ಮುಂದಿನ ಗಾಲಿಗೆ ಎಣ್ಣೆಯೊತ್ತಡದ ಡಿಸ್ಕ್ ಬ್ರೇಕು. ಶಕ್ತಿಯನ್ನು ಏರಿಸಿದ ಕೈಯೇ ತಡೆಯನ್ನೂ ಬಲಪಡಿಸಿತೆಂಬುದು ಇಲ್ಲಿ ಗಮನಾರ್ಹ.

೪. ಗಾಳಿ: ವೇಗದ ತೆರಿಗೆ

ಸೈಕಲ್ಲು ತುಳಿದವರೆಲ್ಲರಿಗೂ ಎದುರುಗಾಳಿಯ ಅನುಭವವುಂಟು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ, ಶಕ್ತಿ ಎಂಟುಮಡಿ. ಬಾಗಿ ಕುಳಿತ ಸವಾರನೊಡನೆ ಒಂದು ದೊಡ್ಡ ಮೋಟಾರುಸೈಕಲ್ಲು ಗಾಳಿಗೆ ಒಡ್ಡುವ ಪರಿಣಾಮಕಾರಿ ಮುಖವನ್ನು ಒಂದು ಚದರ ಮೀಟರಿನ ಹತ್ತರಲ್ಲಿ ಮೂರು ಪಾಲೆಂದು ಹಿಡಿದರೆ, ಗಾಳಿಯೊಂದನ್ನೇ ಎದುರಿಸಲು ಗಂಟೆಗೆ ೮೦ ಕಿಲೋಮೀಟರಿನಲ್ಲಿ ಬೇಕಾಗುವುದು ಮೂರು ಅಶ್ವಶಕ್ತಿಗೂ ಕಡಮೆ. ೧೬೦ರಲ್ಲಿ ಸುಮಾರು ೨೧. ೩೦೦ರಲ್ಲಿ ಸುಮಾರು ೧೪೦.

ಈ ಲೆಕ್ಕದ ಮುಂದೆ ಸುಝುಕಿ ಸಂಸ್ಥೆ ೧೯೯೯ರಲ್ಲಿ ಹೊರತಂದ ಹಯಾಬೂಸವನ್ನು ಇಟ್ಟು ನೋಡಬೇಕು. ಬೋರು ೮೧, ಸ್ಟ್ರೋಕು ೬೩ ಮಿಲಿಮೀಟರು. ನಾಲ್ಕು ಸಿಲಿಂಡರು, ಸುಮಾರು ೧೩೦೦ ಸಿ. ಸಿ.; ೧೭೫ ಅಶ್ವಶಕ್ತಿ. ಹಯಾಬೂಸ ಎಂದರೆ ಜಪಾನೀ ಭಾಷೆಯಲ್ಲಿ ಬೈರಿ ಎಂಬ ಬೇಟೆಯ ಹಕ್ಕಿ. ಅದರ ಉಬ್ಬಿದ ಮೂಗು, ಬೆನ್ನ ಹಿಂದಿನ ಗೂನು ಚೆಲುವಿಗಾಗಿ ಮಾಡಿದವಲ್ಲ. ಸವಾರನ ಶರೀರವನ್ನೂ ಸೇರಿಸಿಕೊಂಡು ಗಾಳಿ ಸುಗಮವಾಗಿ ಹರಿದುಹೋಗಲೆಂದು ಮಾಡಿದವು. ಹಿಂಭಾಗದಲ್ಲಿ ಸುಳಿಗಳೇಳದಂತೆ ನೋಡಿಕೊಳ್ಳುವುದು ಮುಂಭಾಗವನ್ನು ಚೂಪಾಗಿಸುವುದಕ್ಕಿಂತ ಕಷ್ಟವಾದ ಕೆಲಸ. ಹಾಗೆ ಕಟ್ಟಿದ ಯಂತ್ರ ೩೦೦ ಕಿಲೋಮೀಟರನ್ನು ದಾಟಿದಾಗ ಯೂರೋಪಿನಲ್ಲಿ ಕಳವಳವೆದ್ದಿತು. ೨೦೦೦ದ ಆಸುಪಾಸಿನಲ್ಲಿ ತಯಾರಕರು ತಮ್ಮತಮ್ಮಲ್ಲೇ ಒಂದು ಸಭ್ಯ ಒಡಂಬಡಿಕೆಗೆ ಬಂದು, ರಸ್ತೆಯ ಯಂತ್ರಗಳ ವೇಗವನ್ನು ೨೯೯ಕ್ಕೆ ನಿಲ್ಲಿಸಿದರು.

ಘನದ ನಿಯಮ ಎಷ್ಟು ನಿಷ್ಠುರವೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಇದೇ ಲೆಕ್ಕದ ಪ್ರಕಾರ ೩೦೦ರಿಂದ ೪೦೦ಕ್ಕೆ ಏರಲು ೧೪೦ ಅಶ್ವಶಕ್ತಿ ಸುಮಾರು ೩೩೫ ಆಗಬೇಕು. ಕವಾಸಾಕಿ ೨೦೧೫ರಲ್ಲಿ ಪಂದ್ಯದ ಕಣಕ್ಕೆಂದೇ ತಯಾರಿಸಿದ ನಿಂಜಾ ಎಚ್. ೨. ಆರ್. ಯಂತ್ರದ ಶಕ್ತಿ ೩೧೦. ಓಡುವಾಗ ಎದುರುಗಾಳಿಯ ಒತ್ತಡ ಸೇರಿದರೆ ಇನ್ನೂ ಹೆಚ್ಚು. ೯೯೮ ಸಿ. ಸಿ. ಗಾತ್ರದ ಎಂಜಿನ್ನು ಅಷ್ಟು ಉಸಿರೆಳೆದುಕೊಳ್ಳಲಾರದೆಂದು, ವಿಮಾನ ಮತ್ತು ಟರ್ಬೈನುಗಳ ವಿದ್ಯೆ ಬಲ್ಲ ಆ ಸಂಸ್ಥೆ ಗಾಳಿಯನ್ನು ಒತ್ತಿ ತುಂಬುವ ಚಕ್ರವೊಂದನ್ನು ಅದಕ್ಕೆ ಜೋಡಿಸಿತು. ೨೦೧೬ರ ಜೂನ್ ೩೦ರಂದು ತುರ್ಕಿಯ ಉಸ್ಮಾನ್ ಗಾಜಿ ಸೇತುವೆಯ ಮೇಲೆ, ಬೇರೆ ವಾಹನಗಳ ಸಂಚಾರವಿಲ್ಲದಾಗ, ಕೆನಾನ್ ಸೋಫುವೋಲು ಆ ಯಂತ್ರದ ವೇಗಮಾಪಕದಲ್ಲಿ ೪೦೦ನ್ನು ಮುಟ್ಟಿಸಿದ.

೫. ಚೌಕಟ್ಟು ಮತ್ತು ತಿರುವು

ನೆಟ್ಟಗೆ ಓಡುವುದು ಅರ್ಧ ವಿದ್ಯೆ, ತಿರುಗುವುದು ಇನ್ನರ್ಧ. ೧೯೭೦ರ ದಶಕದ ಜಪಾನೀ ಯಂತ್ರಗಳಲ್ಲಿ ಎಂಜಿನ್ನು ಮುಂದಾಗಿ ಚೌಕಟ್ಟು ಹಿಂದುಳಿದಿತ್ತು. ೧೯೬೯ರ ಕವಾಸಾಕಿ ಮ್ಯಾಕ್ ೩ ಎಂಬ ಮೂರು ಸಿಲಿಂಡರಿನ ೫೦೦ ಸಿ. ಸಿ. ಯಂತ್ರ ೬೦ ಅಶ್ವಶಕ್ತಿಗೆ ಹೆಸರಾದಂತೆಯೇ ತಿರುವಿನಲ್ಲಿ ಅಲ್ಲಾಡುವುದಕ್ಕೂ ಹೆಸರಾಯಿತು. ಉಕ್ಕಿನ ತೆಳು ಕೊಳವೆಗಳ ಚೌಕಟ್ಟು ಅಷ್ಟು ಬಲವನ್ನು ತಾಳಲಾರದೆ ಬಳುಕುತ್ತಿತ್ತು. ಈ ಕೊರತೆಯನ್ನು ತುಂಬುವ ಕೆಲಸವೇ ಮುಂದಿನ ಇಪ್ಪತ್ತು ವರ್ಷಗಳ ಇತಿಹಾಸ. ೧೯೮೫ರಲ್ಲಿ ಸುಝುಕಿಯ ಜಿ. ಎಸ್. ಎಕ್ಸ್-ಆರ್. ೭೫೦ ಅಲ್ಯೂಮಿನಿಯಮ್ ಚೌಕಟ್ಟಿನೊಡನೆ ಬಂದಿತು. ೧೯೯೨ರಲ್ಲಿ ತದಾವೊ ಬಾಬಾ ಎಂಬ ಎಂಜಿನಿಯರಿನ ಮುಂದಾಳುತನದಲ್ಲಿ ಹೋಂಡಾ ರಚಿಸಿದ ಫೈರ್‌ಬ್ಲೇಡ್ ೮೯೩ ಸಿ. ಸಿ. ಯಂತ್ರವಾಗಿಯೂ ಇಂಧನಾದಿಗಳಿಲ್ಲದೆ ೧೮೫ ಕಿಲೋಗ್ರಾಮು ಮಾತ್ರ ತೂಗಿತು. ೧೯೯೮ರ ಯಮಾಹಾ ಆರ್. ೧ರಲ್ಲಿ ಗೇರುಪೆಟ್ಟಿಗೆಯ ಅಚ್ಚುಗಳನ್ನು ಒಂದರ ಹಿಂದೊಂದು ಇಡದೆ ಮೇಲೆಕೆಳಗೆ ಇಟ್ಟು ಎಂಜಿನ್ನನ್ನು ಗಿಡ್ಡಗೊಳಿಸಿದರು; ಉಳಿದ ಜಾಗದಲ್ಲಿ ಹಿಂಗಾಲಿಯನ್ನು ಹಿಡಿದ ತೋಳನ್ನು ಉದ್ದ ಮಾಡಿದರು. ಹಾಗಾಗಿ ಗಾಲಿಯಿಂದ ಗಾಲಿಗೆ ಕೇವಲ ೧೩೯೫ ಮಿಲಿಮೀಟರು ಅಂತರವಿದ್ದೂ ಶಕ್ತಿ ನೆಲಕ್ಕೆ ಸಮವಾಗಿ ಇಳಿಯುವಂತಾಯಿತು.

ಗಾಲಿಗಳ ನಡುವಿನ ಅಂತರ ಹೆಚ್ಚಿದರೆ ಯಂತ್ರ ಸ್ಥಿರವಾಗಿ, ಆದರೆ ನಿಧಾನವಾಗಿ ತಿರುಗುತ್ತದೆ. ಕಡಮೆಯಾದರೆ ಚುರುಕಾಗಿ, ಆದರೆ ಅಸ್ಥಿರವಾಗಿ. ಹಯಾಬೂಸದಲ್ಲಿ ಈ ಅಂತರ ಆರ್. ೧ಗಿಂತ ಸುಮಾರು ಒಂಬತ್ತು ಸೆಂಟಿಮೀಟರು ಹೆಚ್ಚು. ಒಂದು ಹೆದ್ದಾರಿಯ ಯಂತ್ರ, ಇನ್ನೊಂದು ಪಂದ್ಯದ ಕಣದ ಸೋದರ. ಈ ಒಂದು ಗೇಣಿನೊಳಗಿನ ವ್ಯತ್ಯಾಸದಲ್ಲಿ ಅವುಗಳ ಸ್ವಭಾವಭೇದ ಅಡಗಿದೆ.

ತಿರುವಿನಲ್ಲಿ ಮೋಟಾರುಸೈಕಲ್ಲು ಒಳಕ್ಕೆ ವಾಲಲೇಬೇಕು. ನೂರು ಮೀಟರು ತ್ರಿಜ್ಯದ ತಿರುವನ್ನು ೮೦ ಕಿಲೋಮೀಟರಿನಲ್ಲಿ ದಾಟಲು ವಾಲಬೇಕಾದ ಕೋನ ಸುಮಾರು ೨೭ ಡಿಗ್ರಿ. ೧೨೦ರಲ್ಲಿ ಸುಮಾರು ೪೮ ಡಿಗ್ರಿ. ಒಳ್ಳೆಯ ಟೈರು, ಬಿಸಿಯಾದ ಶುಚಿಯಾದ ನೆಲ ಇದ್ದರೆ ಎರಡನೆಯದು ಸಾಧ್ಯ. ಆದರೆ ಪ್ರತಿ ಟೈರೂ ನೆಲವನ್ನು ಮುಟ್ಟುವುದು ಅಂಗೈಯಗಲ ಜಾಗದಲ್ಲಿ ಮಾತ್ರ. ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹತ್ತುವ ಘಟ್ಟದ ದಾರಿಯಲ್ಲಾಗಲಿ, ಸುಗ್ಗಿಯ ಕಾಲದ ಗೋದಾವರಿ ಜಿಲ್ಲೆಗಳಲ್ಲಾಗಲಿ ಆ ಅಂಗೈಯಗಲದಲ್ಲಿ ಒಂದು ಹಿಡಿ ಮರಳೋ ಭತ್ತದ ಹುಲ್ಲೋ ಬಿದ್ದಿದ್ದರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ.

೬. ಬ್ರೇಕು: ಒಂದು ಭಾರತೀಯ ನಿದರ್ಶನ

ಸಮತೂಕದ ಮಾತನ್ನು ಸ್ಪಷ್ಟಪಡಿಸಲು ಯಮಾಹಾ ಆರ್. ಡಿ. ೩೫೦ರ ಚರಿತ್ರೆಗಿಂತ ಉತ್ತಮ ಉದಾಹರಣೆ ದೊರೆಯದು. ೧೯೭೩ರಲ್ಲಿ ಹೊರದೇಶಗಳಲ್ಲಿ ಬಂದ ಈ ೩೪೭ ಸಿ. ಸಿ. ಯಂತ್ರಕ್ಕೆ ೩೯ ಅಶ್ವಶಕ್ತಿಯಿದ್ದು, ಮುಂಗಾಲಿಗೆ ಡಿಸ್ಕ್ ಬ್ರೇಕು ಇತ್ತು. ೧೯೮೩ರಿಂದ ಭಾರತದಲ್ಲಿ ರಾಜದೂತ್ ೩೫೦ ಎಂಬ ಹೆಸರಿನಿಂದ ತಯಾರಾದಾಗ ಅದರ ಶಕ್ತಿಯನ್ನು ಸುಮಾರು ೩೦ಕ್ಕೆ ಇಳಿಸಲಾಯಿತು. ಡಿಸ್ಕಿನ ಸ್ಥಾನದಲ್ಲಿ ಡ್ರಮ್ ಬ್ರೇಕು ಬಂದಿತು. ಇಳಿಸಿದ ಬಳಿಕವೂ ಅದು ಅಂದಿನ ಭಾರತದ ರಸ್ತೆಗಳಲ್ಲಿ ಅತ್ಯಂತ ವೇಗವಾದ ಯಂತ್ರಗಳಲ್ಲೊಂದು. ಡ್ರಮ್ ಬ್ರೇಕು ಮುಚ್ಚಿದ ಡಬ್ಬಿಯಂತಿದ್ದು ಮತ್ತೆ ಮತ್ತೆ ಹಿಡಿದಾಗ ಕಾವನ್ನು ಬೇಗ ಬಿಟ್ಟುಕೊಡದು; ಕಾದಂತೆ ಅದರ ಹಿಡಿತ ಸಡಿಲುತ್ತದೆ. ಡಿಸ್ಕು ಬಯಲಿನಲ್ಲಿ ತಿರುಗುವುದರಿಂದ ಗಾಳಿಗೆ ತಣಿಯುತ್ತದೆ. ಈ ದೃಷ್ಟಿಯಿಂದ ಹೊರದೇಶದ ಮೂಲಯಂತ್ರದಲ್ಲಿದ್ದ ಓಟ ಮತ್ತು ತಡೆಗಳ ಪ್ರಮಾಣ ಇಲ್ಲಿ ಬೇರೆಯಾಯಿತು. ಅಂದಿನ ಸವಾರರು ಯಂತ್ರವನ್ನು ಎಷ್ಟು ಪ್ರೀತಿಸಿದರೋ ಅದರ ಬ್ರೇಕಿನ ಬಗೆಗೆ ಅಷ್ಟೇ ಎಚ್ಚರದಿಂದ ಇರಬೇಕಾಯಿತು.

ನಿಲ್ಲುವ ದೂರದ ಲೆಕ್ಕವನ್ನು ಪ್ರತಿ ಸವಾರನೂ ಬಾಯಿಪಾಠ ಮಾಡತಕ್ಕದ್ದು. ಒಣಗಿದ ರಸ್ತೆ, ಒಳ್ಳೆಯ ಬ್ರೇಕು, ನುರಿತ ಕೈ ಇವುಗಳಿದ್ದು, ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿಯುತ್ತದೆಂದು ಭಾವಿಸಿದರೆ, ೮೦ ಕಿಲೋಮೀಟರು ವೇಗದ ಯಂತ್ರ ನಿಲ್ಲಲು ಬೇಕಾದುದು ಸುಮಾರು ೫೭ ಮೀಟರು, ೧೨೦ಕ್ಕೆ ೧೧೩, ೧೬೦ಕ್ಕೆ ೧೮೫, ೩೦೦ಕ್ಕೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಕಾರಣ ಗಾಳಿಯಲ್ಲಿ ಕಂಡುದೇ: ಚಲನೆಯ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಹಠಾತ್ತಾಗಿ ಬ್ರೇಕು ಹಿಡಿದಾಗ ಗಾಲಿ ಬಿಗಿದುಕೊಂಡು ಜಾರದಂತೆ ತಡೆಯುವ ಎ. ಬಿ. ಎಸ್. ಏರ್ಪಾಡು ಭಾರತದಲ್ಲಿ ೧೨೫ ಸಿ. ಸಿ.ಗೆ ಮೇಲ್ಪಟ್ಟ ಹೊಸ ಮಾದರಿಗಳಿಗೆ ೨೦೧೮ರ ಏಪ್ರಿಲಿನಿಂದಲೂ, ಆಗಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಿಗೆ ಮರುವರ್ಷದಿಂದಲೂ ಕಡ್ಡಾಯವಾಯಿತು. ಅದು ಸವಾರನನ್ನು ಬೀಳದಂತೆ ಕಾಯಬಲ್ಲದು. ೧೮೫ ಮೀಟರನ್ನು ೫೭ ಮಾಡಲಾರದು.

೭. ಎರಡು ನಗರಗಳ ಹವೆ

ಜಪಾನಿನ ತಂಪು ಹವೆಯಲ್ಲಿ ಪರೀಕ್ಷಿಸಿದ ಯಂತ್ರ ವಿಜಯವಾಡದ ಬೇಸಗೆಯಲ್ಲಿ ಹೇಗೆ ನಡೆದೀತು? ಗಾಳಿ ಕಾದಂತೆ ತೆಳುವಾಗುತ್ತದೆ. ೧೫ ಡಿಗ್ರಿಗೆ ಹೋಲಿಸಿದರೆ ೪೫ ಡಿಗ್ರಿಯ ಗಾಳಿ ನೂರಕ್ಕೆ ಒಂಬತ್ತರಷ್ಟು ವಿರಳ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ವಿಶಾಖಪಟ್ಟಣದ ಕಡಲ ಹವೆಯಲ್ಲಿ ತೇವ ಹೆಚ್ಚಾಗಿ, ನೀರಾವಿ ಪ್ರಾಣವಾಯುವಿನ ಜಾಗವನ್ನು ಸ್ವಲ್ಪಮಟ್ಟಿಗೆ ಆಕ್ರಮಿಸುತ್ತದೆ. ಹಾಗಾದರೆ ಗರಿಷ್ಠ ವೇಗವೂ ಕುಗ್ಗುವುದೆ? ಬಹುತೇಕ ಇಲ್ಲ. ಗಾಳಿ ತೆಳುವಾದಷ್ಟೂ ಅದರ ತಡೆಯೂ ತೆಳುವಾಗುತ್ತದೆ. ಶಕ್ತಿಯ ನಷ್ಟವೂ ತಡೆಯ ನಷ್ಟವೂ ಸರಿಸಮವಾಗಿ ಒಂದನ್ನೊಂದು ತೀರಿಸುತ್ತವೆ. ಕುಗ್ಗುವುದು ವೇಗ ಪಡೆಯುವ ಚುರುಕು ಮಾತ್ರ.

ನಿಜವಾದ ತೊಂದರೆ ಓಡುವಾಗಿನದಲ್ಲ, ನಿಂತಾಗಿನದು. ರೇಡಿಯೇಟರಿನ ನೀರು ಸುಮಾರು ೯೫ ಡಿಗ್ರಿಯಲ್ಲಿದ್ದರೆ ೧೫ ಡಿಗ್ರಿಯ ಹವೆಗೆ ಅದು ಬಿಟ್ಟುಕೊಡುವ ಕಾವಿಗೆ ೮೦ ಡಿಗ್ರಿಯ ಅಂತರದ ಸಹಾಯವುಂಟು. ೪೫ರ ಹವೆಯಲ್ಲಿ ಅದು ೫೦ಕ್ಕೆ ಇಳಿಯುತ್ತದೆ. ಬೆಂಜ್ ಸರ್ಕಲಿನ ಸಂದಣಿಯಲ್ಲಿ ಸಿಕ್ಕಿಕೊಂಡ ಸಾವಿರ ಸಿ. ಸಿ. ಯಂತ್ರ ಫ್ಯಾನಿನ ಗಾಳಿಯನ್ನೇ ನಂಬಿ ಏದುಸಿರು ಬಿಡುತ್ತಿದ್ದರೆ, ಪಕ್ಕದ ನೂರು ಸಿ. ಸಿ. ಗಾಡಿ ನಿಶ್ಚಿಂತೆಯಿಂದ ನುಸುಳಿಹೋಗುತ್ತದೆ. ವಿಶಾಖಪಟ್ಟಣದ ಬೀಚ್ ರಸ್ತೆಯ ಉಪ್ಪುಗಾಳಿ ಚೈನು, ಡಿಸ್ಕು, ವಿದ್ಯುತ್ ಜೋಡಣೆಗಳನ್ನು ತಿನ್ನುತ್ತದೆ. ಆ ಊರಿನಲ್ಲಿ ಯಂತ್ರವನ್ನು ತೊಳೆಯುವುದೂ ಚೈನಿಗೆ ಎಣ್ಣೆ ಹಾಕುವುದೂ ಶೋಕಿಯಲ್ಲ, ಅವಶ್ಯಕತೆ. ಗಾಜುವಾಕದ ಮತ್ತು ವಿಜಯವಾಡದ ಆಟೋನಗರಗಳಂತಹ ಮೆಕ್ಯಾನಿಕರ ಬೀದಿಗಳಲ್ಲಿ ಸವೆದ ಚೈನನ್ನೂ ತೆಳುವಾದ ಬ್ರೇಕು ಪ್ಯಾಡನ್ನೂ ಬದಲಿಸಿಕೊಳ್ಳುವುದರಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

೮. ಹೆದ್ದಾರಿಯ ಲೆಕ್ಕ

ಕೊನೆಗೆ ಮೊದಲಿನ ದಾರಿಗೇ ಬರಬೇಕು. ಕೇಂದ್ರ ಸರಕಾರದ ೨೦೧೮ರ ಪ್ರಕಟಣೆ ನಡುವೆ ವಿಭಜಕವಿರುವ ನಾಲ್ಕು ಸಾಲಿನ ಹೆದ್ದಾರಿಯಲ್ಲಿ ಮೋಟಾರುಸೈಕಲ್ಲಿಗೆ ಗಂಟೆಗೆ ೮೦, ಪುರಸಭೆಯ ಎಲ್ಲೆಯೊಳಗೆ ೬೦ ಕಿಲೋಮೀಟರು ಮಿತಿಯನ್ನು ವಿಧಿಸಿತು. ೩೫೦ ಕಿಲೋಮೀಟರುಗಳಲ್ಲಿ ೫೦ ಕಿಲೋಮೀಟರು ಊರುಗಳ ಸಂದಣಿಯಲ್ಲಿ ಗಂಟೆಗೆ ೪೦ರಂತೆ ಕಳೆಯಿತೆಂದು ಎಣಿಸಿದರೆ ಒಂದೂಕಾಲು ಗಂಟೆ ಅಲ್ಲಿಗೇ ಸಂದಿತು. ಅದನ್ನು ಯಾವ ಎಂಜಿನ್ನೂ ಕಡಮೆ ಮಾಡಲಾರದು. ಉಳಿದ ೩೦೦ನ್ನು ೮೦ರಲ್ಲಿ ಸಾಗಿದರೆ ಒಟ್ಟು ಐದು ಗಂಟೆ. ಮಿತಿಯನ್ನು ಮೀರಿ ೧೨೦ರಲ್ಲಿ ಓಡಿದವನು ಮೂರೂಮುಕ್ಕಾಲು ಗಂಟೆಗೆ ತಲುಪಿಯಾನು. ೧೬೦ರಲ್ಲಿ ಓಡಿದವನು ಮೂರು ಗಂಟೆ ಏಳೆಂಟು ನಿಮಿಷಕ್ಕೆ. ಮೊದಲ ನಲವತ್ತು ಕಿಲೋಮೀಟರು ವೇಗದ ಹೆಚ್ಚಳ ಉಳಿಸುವುದು ಒಂದೂಕಾಲು ಗಂಟೆ. ಎರಡನೆಯ ನಲವತ್ತು ಉಳಿಸುವುದು ಅದರ ಅರ್ಧ. ಆದರೆ ನಿಲ್ಲುವ ದೂರ ಮೊದಲ ಹೆಚ್ಚಳದಲ್ಲಿ ೫೬ ಮೀಟರು ಬೆಳೆದರೆ ಎರಡನೆಯದರಲ್ಲಿ ೭೨ ಮೀಟರು ಬೆಳೆಯುತ್ತದೆ. ಲಾಭ ಇಳಿಯುತ್ತ ಹೋಗುತ್ತದೆ, ಬೆಲೆ ಏರುತ್ತ ಹೋಗುತ್ತದೆ. ಬಂಡವಾಳ ಹಾಕುವ ಯಾವ ವರ್ತಕನೂ ಇಂತಹ ವ್ಯಾಪಾರಕ್ಕೆ ಒಪ್ಪನು.

ಆ ೧೮೫ ಮೀಟರುಗಳೊಳಗೆ ಏನೆಲ್ಲ ಇರಬಲ್ಲದು ಎಂಬುದನ್ನು ಈ ದಾರಿಯಲ್ಲಿ ಓಡಾಡಿದವರು ಬಲ್ಲರು. ವಿಭಜಕದ ಸಂದಿನಿಂದ ಅಡ್ಡ ಬರುವ ಎಮ್ಮೆ, ದೀಪವಿಲ್ಲದ ಟ್ರ್ಯಾಕ್ಟರು, ಸುತ್ತು ಉಳಿಸಲೆಂದು ವಿರುದ್ಧ ದಿಕ್ಕಿನಲ್ಲಿ ಬರುವ ಸೈಕಲ್ಲು, ರಸ್ತೆಯಂಚಿನಲ್ಲಿ ಒಣಗಲು ಹರವಿದ ಭತ್ತ. ಪಂದ್ಯದ ಕಣದಲ್ಲಿ ಇವೊಂದೂ ಇರುವುದಿಲ್ಲ. ತಿರುವಿನ ಹೊರಗೆ ಬೀಳುವವನಿಗೆ ಬಯಲಿರುತ್ತದೆ, ವೈದ್ಯರು ಕಾದಿರುತ್ತಾರೆ. ಚೆನ್ನೈ ಬಳಿಯ ಇರುಂಗಾಟುಕೋಟೆಯ ಕಣ, ದೆಹಲಿಯ ಬಳಿ ೨೦೧೧ರಲ್ಲಿ ತೆರೆದ ಬುದ್ಧ ಕಣ ಇಂತಹ ಯಂತ್ರಗಳ ಪೂರ್ಣ ಸಾಮರ್ಥ್ಯವನ್ನು ಕಾಣಲು ತಕ್ಕ ಸ್ಥಳಗಳು. ಹೋಂಡಾ ತನ್ನ ಯಂತ್ರವನ್ನು ಪರೀಕ್ಷಿಸಲು ಮ್ಯಾನ್ ದ್ವೀಪಕ್ಕೆ ಕೊಂಡೊಯ್ದನೇ ಹೊರತು ಹಮಮಾತ್ಸುವಿನ ಮಾರುಕಟ್ಟೆಯ ಬೀದಿಗಲ್ಲ.

ಹೀಗೆ ನೋಡಿದರೆ ತರುಣರ ಮಾತೂ ಹಿರಿಯರ ಮಾತೂ ಒಂದೆಡೆ ಕೂಡುತ್ತವೆ. ಇಂತಹ ಯಂತ್ರವನ್ನು ಕೊಳ್ಳಹೊರಟ ಮಗನನ್ನು ತಡೆಯಲಾರದ ತಂದೆ ಕೇಳಬೇಕಾದ ಪ್ರಶ್ನೆ "ಎಷ್ಟು ಓಡುತ್ತದೆ?" ಎಂಬುದಲ್ಲ, ಬ್ರೇಕು ಯಾವುದು, ಟೈರಿನ ಸ್ಥಿತಿಯೇನು, ತಲೆಗೆ ಒಳ್ಳೆಯ ಹೆಲ್ಮೆಟ್ಟಿದೆಯೆ, ೮೦ರಲ್ಲಿ ಎಷ್ಟು ಮೀಟರಿಗೆ ನಿಲ್ಲಿಸಬಲ್ಲೆ ಎಂಬುದು. ಮೈಸೂರಿನ ಹಳೆಯ ಯಂತ್ರದ ಅರ್ಧದಷ್ಟೂ ಗಾತ್ರವಿಲ್ಲದ ಎಂಜಿನ್ನಿನಿಂದ ಅಷ್ಟೇ ಶಕ್ತಿಯನ್ನು ತೆಗೆದ ಜಪಾನಿನ ಕುಶಲಿಗಳು ಪ್ರತಿಯೊಂದು ಅಂಗವನ್ನೂ ಇನ್ನೊಂದರ ಅಳತೆಗೆ ತಂದರು. ಅವರು ಅಳತೆಗೆ ತರಲಾರದೆ ಬಿಟ್ಟುದು ಎರಡನ್ನೇ, ಸವಾರಿಯ ದಾರಿ ಮತ್ತು ಸವಾರನ ಕೈ. ಮೊದಲನೆಯದು ಸರಕಾರದ ಪಾಲಿಗೂ ಎರಡನೆಯದು ಸವಾರನ ಪಾಲಿಗೂ ಉಳಿದಿದೆ.